ಅಂಗೈಯ ಸರಸ್ವತಿಯಿಂದ ಕಲಿಕೆಯ ಏಣಿಗೆ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಲ್ಲಾಗಲಿ, ಅದರ ಆಸುಪಾಸಿನ ಯಾವುದೇ ಊರಿನಲ್ಲಾಗಲಿ, ಶಾಲೆಗೆ ಹೋಗುವ ಮಗುವನ್ನು ಕಂಡ ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ‘ಓದಕ್ಕೆ ಬತ್ತದಾ?’ ಮಗು ‘ಬತ್ತದೆ’ ಎನ್ನಬಹುದು. ತಲೆ ತಗ್ಗಿಸಿ ‘ಬರಾಕಿಲ್ಲ’ ಎನ್ನಬಹುದು. ಕನ್ನಡದಲ್ಲಿ ವಿದ್ಯೆಯನ್ನು ಕುರಿತು ನಾವು ಆಡುವ ಮಾತೇ ಹಾಗೆ. ಈಜು ಬರುತ್ತದೆ, ಲೆಕ್ಕ ಬರುತ್ತದೆ, ಓದು ಬರುತ್ತದೆ. ಬಾರದೇ ಹೋದರೆ ಏನು ಮಾಡಬೇಕು? ವಿದ್ಯೆಯನ್ನು ಮಗುವಿನ ಬಳಿಗೆ ಬರಿಸುವ ಉಪಾಯ ಯಾವುದು? ಬೆತ್ತವೇ, ಬಹುಮಾನವೇ, ಅಥವಾ ಬೇರೆ ಏನಾದರೂ ಇದೆಯೇ?

ಈ ಪ್ರಶ್ನೆಗೆ ಇಂದು ಶಿಕ್ಷಣ ಮನಶ್ಶಾಸ್ತ್ರ ಎಂಬ ಪ್ರತ್ಯೇಕ ಶಾಸ್ತ್ರವೇ ಉತ್ತರ ಹುಡುಕುತ್ತಿದೆ. ಆದರೆ ಪ್ರಶ್ನೆ ಆ ಶಾಸ್ತ್ರಕ್ಕಿಂತ ಹಳೆಯದು. ಕನ್ನಡ ನಾಡಿನ ಜಗಲಿ ಶಾಲೆಗಳಲ್ಲಿ ಅದಕ್ಕೆ ಒಂದು ಉತ್ತರ ಸಿದ್ಧವಾಗಿಯೇ ಇತ್ತು. ಅದು ಹೇಗಿತ್ತು ಎಂಬುದಕ್ಕೆ ಇನ್ನೂರು ವರ್ಷಗಳ ಹಿಂದಿನ ಒಂದು ಸರ್ಕಾರಿ ವರದಿ ಸಾಕ್ಷಿ ಹೇಳುತ್ತದೆ.

ಕಲೆಕ್ಟರ್ ಕಂಡ ಕೂಲಿಮಠ

1822ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ತನ್ನ ಪ್ರಾಂತದ ದೇಶೀ ಶಾಲೆಗಳ ಲೆಕ್ಕ ಕೊಡುವಂತೆ ಕಲೆಕ್ಟರುಗಳಿಗೆ ಆದೇಶ ಹೊರಡಿಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ತನ್ನ ಉತ್ತರ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳು. ಸರ್ಕಾರದಿಂದ ಒಂದು ಶಾಲೆಗೂ ನೆರವಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದು ಅವನು ಬರೆದುಕೊಂಡ.

ಇವೇ ನಮ್ಮ ಹಿರಿಯರು ಕೂಲಿಮಠ ಎಂದು ಕರೆಯುತ್ತಿದ್ದ ಶಾಲೆಗಳು. ಪಾಠ ಹೇಳುವ ಐಗಳಿಗೆ ಮಕ್ಕಳ ಮನೆಯವರು ದವಸವನ್ನೋ ದುಡ್ಡನ್ನೋ ಕೂಲಿಯಾಗಿ ಕೊಡುತ್ತಿದ್ದುದರಿಂದ ಆ ಹೆಸರು. ಮಗು ಮೊದಲು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಬೇಕು. ಆಮೇಲೆ ಮಸಿ ಬಳಿದ ಹಲಗೆ, ಅಕ್ಕಿಯ ಗಂಜಿಯಲ್ಲಿ ಗಡುಸಾಗಿಸಿ ಇದ್ದಿಲು ಅಂಟು ಬಳಿದ ಬಟ್ಟೆಯ ಕಡತ, ಕೈಯಲ್ಲಿ ಬಳಪ. ಇವೆಲ್ಲವನ್ನೂ ಕ್ಯಾಂಬೆಲ್ ಕಂಡು ಬರೆದಿದ್ದಾನೆ.

ಅವನು ವಿವರಿಸಿರುವ ಇನ್ನೊಂದು ಪದ್ಧತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಮಠ ಆರಂಭವಾಗುತ್ತಿದ್ದುದು ಬೆಳಗಿನ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಗೌರವ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಹನ್ನೆರಡು ಮಕ್ಕಳ ಮಠದಲ್ಲಿ ಕೊನೆಗೆ ಬಂದವನಿಗೆ ಹತ್ತು ಏಟು! ಸೋಮಾರಿಗಳಿಗೆ ಇನ್ನೂ ಘೋರವಾದ ಶಿಕ್ಷೆಗಳಿದ್ದವು. ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದು ಅವುಗಳಲ್ಲೊಂದು. ಕನ್ನಡದಲ್ಲಿ ಇದರ ಹೆಸರು ಕೋದಂಡ. ಕೂತು ಏಳುವ ಶಿಕ್ಷೆ ನಮಗೆಲ್ಲ ಗೊತ್ತಿರುವ ಬಸ್ಕಿ. ಅದು ನೋವಿನದ್ದಾದರೂ ಮೈಗೆ ಒಳ್ಳೆಯದಿರಬಹುದು ಎಂದು ಕಲೆಕ್ಟರ್ ಸಾಹೇಬ ಒಂದು ಮಾತು ಸೇರಿಸಿದ್ದಾನೆ.

ಇಂದಿನ ಮನಶ್ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇದು ಬಾಹ್ಯ ಪ್ರೇರಣೆಯ ಪೂರ್ಣ ವ್ಯವಸ್ಥೆ. ಮುಂದೆ ಬಹುಮಾನ, ಹಿಂದೆ ಬೆತ್ತ. ‘ದಂಡಂ ದಶಗುಣಂ’ ಎಂಬ ಮಾತಿನ ಮೇಲೆ ನಂಬಿಕೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಅಂಗೈಯ ಸರಸ್ವತಿಯಾಗಲಿ ಬೆನ್ನಿನ ಏಟಾಗಲಿ ಅಕ್ಷರ ಕಲಿತದ್ದಕ್ಕೆ, ಕಲಿಯದಿದ್ದುದಕ್ಕೆ ಸಂದದ್ದಲ್ಲ. ಬೇಗ ಬಂದದ್ದಕ್ಕೆ, ತಡವಾಗಿ ಬಂದದ್ದಕ್ಕೆ ಸಂದದ್ದು. ತಡವಾಗಿ ಬರುವ ಹುಡುಗ ಯಾರು? ಕೊಟ್ಟಿಗೆಯ ಸಗಣಿ ಬಾಚಿ ಬರಬೇಕಾದವನು, ಊರಿನ ಕೊನೆಯ ಮನೆಯವನು ಇರಬಹುದಲ್ಲವೇ? ಹತ್ತು ಏಟು ಖಚಿತವೆಂದು ಗೊತ್ತಾದ ಮೇಲೆ ಅವನು ಮಠದ ಕಡೆಗೆ ಕಾಲು ಹಾಕದೆ ತೋಪಿನ ದಾರಿ ಹಿಡಿದಿದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ. ಆ ಜಗಲಿಗೆ ಹೆಣ್ಣುಮಕ್ಕಳು ಬರುತ್ತಿದ್ದುದೇ ಅಪರೂಪ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ ಎಂಬುದನ್ನೂ ಮರೆಯಬಾರದು.

ಐಗಳಿಗೆ ಗೊತ್ತಿದ್ದುದು

ಹಾಗೆಂದು ಕೂಲಿಮಠದಲ್ಲಿ ಬೆತ್ತ ಬಿಟ್ಟರೆ ಬೇರೇನೂ ಇರಲಿಲ್ಲ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಕಲಿಸುವ ಕ್ರಮದಲ್ಲಿ ಐಗಳು ಅನುಭವದಿಂದ ಕಂಡುಕೊಂಡಿದ್ದ ಎರಡು ಉಪಾಯಗಳನ್ನು ಇಂದಿನ ವಿಜ್ಞಾನ ಸಮರ್ಥಿಸುತ್ತದೆ.

ಮೊದಲನೆಯದು, ಮುಂದಿನ ಹುಡುಗರು ಹಿಂದಿನ ಹುಡುಗರಿಗೆ ಪಾಠ ಹೇಳಿಕೊಡುವುದು. ಕಲಿಸುವವನ ವಿದ್ಯೆಯೂ ಇದರಿಂದ ಗಟ್ಟಿಯಾಗುತ್ತದೆ ಎಂದು ಕ್ಯಾಂಬೆಲ್ ಮೆಚ್ಚಿಕೊಂಡಿದ್ದ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತು ಎಂದಿದ್ದ. ಅನುಕರಣೆಯ ಕಥೆ ಹೀಗಿದೆ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ನೋಡಿ ಅದನ್ನು ತನ್ನ ಶಾಲೆಗೆ ತಂದ; ಕೆಳಗಿನ ಮಕ್ಕಳಿಗೆ ಪಾಠ ಹೇಳಲು ದೊಡ್ಡ ಹುಡುಗರನ್ನೇ ನೇಮಿಸಿದ. 1797ರಲ್ಲಿ ಲಂಡನ್ನಿನಲ್ಲಿ ಈ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು.

ಎರಡನೆಯದು, ಒಪ್ಪಿಸುವುದು. ಹಲಗೆ ನೋಡದೆ ಮಗ್ಗಿ ಹೇಳು, ಪುಸ್ತಕ ಮುಚ್ಚಿ ಪದ್ಯ ಒಪ್ಪಿಸು ಎಂದು ಐಗಳು ದಿನವೂ ಕೇಳುತ್ತಿದ್ದರು. ಅರ್ಥವಿಲ್ಲದ ಬಾಯಿಪಾಠ ಎಂದು ನಾವು ಇದನ್ನು ಹಳಿಯುತ್ತೇವೆ. ಅರ್ಥ ಬಿಟ್ಟರೆ ಹಳಿಯಬೇಕಾದ್ದೇ. ಆದರೆ ನೋಡದೆ ನೆನಪಿನಿಂದ ಹೊರತೆಗೆಯುವ ಕ್ರಿಯೆಯಲ್ಲಿ ಒಂದು ವಿಶೇಷ ಶಕ್ತಿಯಿದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ಮತ್ತೆ ಓದಿದರು. ಇನ್ನು ಕೆಲವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಲೆಕೆಳಗಾಯಿತು. ನೆನಪಿನಿಂದ ಬರೆದವರಿಗೆ ಶೇ 56ರಷ್ಟು ಉಳಿದಿತ್ತು, ಓದಿದವರಿಗೆ ಶೇ 42. ಪರೀಕ್ಷೆಯ ಹಿಂದಿನ ರಾತ್ರಿ ಪುಟ ತಿರುವುವ ಮಕ್ಕಳೂ ಅವರ ತಂದೆತಾಯಂದಿರೂ ನೆನಪಿಡಬೇಕಾದ ಅಂಕಿ ಇದು.

ಕೂಲಿಮಠದ ದೋಷ, ಹಾಗಾದರೆ, ಒಪ್ಪಿಸುವುದರಲ್ಲಿ ಇರಲಿಲ್ಲ. ಒಪ್ಪಿಸುವಾಗ ತಪ್ಪಿದರೆ ಏಟು ಕಾದಿತ್ತಲ್ಲ, ಅಲ್ಲಿತ್ತು. ಮರೆತದ್ದನ್ನು ತಿದ್ದಿಕೊಳ್ಳುವ ಅವಕಾಶ ದಂಡನೆಯ ಸಂದರ್ಭವಾಗಿಬಿಟ್ಟಿತ್ತು. ಮುಂದೆ ಸರ್ಕಾರಿ ಇಲಾಖೆಯ ಶಾಲೆಗಳು ಬಂದಾಗ ಜಗಲಿ ಹೋಗಿ ಕೊಠಡಿ ಬಂತು, ಕಡತ ಹೋಗಿ ಸ್ಲೇಟು ಬಂತು, ಬೆತ್ತ ಮಾತ್ರ ಉಳಿಯಿತು. ಅದರ ಜೊತೆಗೆ ಇನ್ನೊಂದು ಭಯ ಸೇರಿತು. ಮದ್ರಾಸ್ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಪರೀಕ್ಷೆಯಲ್ಲಿ ಪಾಸಾದ ಮಕ್ಕಳ ಲೆಕ್ಕದಂತೆ ಶಾಲೆಗೆ ಅನುದಾನ ಕೊಡುವ ಪದ್ಧತಿ ಜಾರಿಯಲ್ಲಿತ್ತು. ಇನ್‌ಸ್ಪೆಕ್ಟರು ಬರುವ ದಿನ ಮಕ್ಕಳಷ್ಟೇ ಅಲ್ಲ, ಮೇಷ್ಟರೂ ನಡುಗುವಂತಾಯಿತು.

ಮೈಸೂರಿಗೆ ಬಂದ ಹೊಸ ಶಾಸ್ತ್ರ

ಅಷ್ಟರಲ್ಲಿ ಹೊರಗಿನ ಪ್ರಪಂಚದಲ್ಲಿ ಕಲಿಕೆಯನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಕೆಲಸ ಶುರುವಾಗಿತ್ತು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಅವು ಅಗಳಿ ತೆಗೆದು ಹೊರಬರುವುದನ್ನು ಕಲಿಯುವ ಬಗೆಯನ್ನು 1898ರಲ್ಲಿ ವರದಿ ಮಾಡಿದ. ಸುಖದ ಫಲ ಕೊಟ್ಟ ಕ್ರಿಯೆ ಗಟ್ಟಿಯಾಗುತ್ತದೆ, ದುಃಖದ ಫಲ ಕೊಟ್ಟದ್ದು ಅಳಿಯುತ್ತದೆ ಎಂದು ಅವನ ನಿಯಮ. ನಮ್ಮ ಐಗಳು ಕೇಳಿದ್ದರೆ ‘ನಾನು ಹೇಳಿದ್ದೂ ಅದೇ’ ಎನ್ನುತ್ತಿದ್ದರೇನೋ! ಆದರೆ ಮುಂದಿನ ಪ್ರಯೋಗಗಳ ನಂತರ, 1930ರ ದಶಕದಲ್ಲಿ, ಥಾರ್ನ್‌ಡೈಕನೇ ತನ್ನ ನಿಯಮದ ಅರ್ಧವನ್ನು ಹಿಂತೆಗೆದುಕೊಂಡ. ಬಹುಮಾನ ಸರಿಯುತ್ತರವನ್ನು ಗಟ್ಟಿಗೊಳಿಸುವಷ್ಟು ದಂಡನೆ ತಪ್ಪುತ್ತರವನ್ನು ಅಳಿಸುವುದಿಲ್ಲ ಎಂಬುದು ಅವನಿಗೆ ಮನದಟ್ಟಾಗಿತ್ತು. ತಪ್ಪಿದವನಿಗೆ ಏಟು ಬಿದ್ದರೆ ಏಟು ನೆನಪಿರುತ್ತದೆ. ಸರಿಯುತ್ತರ ಏನೆಂಬುದು ಮಾತ್ರ ಅವನಿಗೆ ಇನ್ನೂ ಗೊತ್ತಿರುವುದಿಲ್ಲ.

ಈ ಹೊಸ ಶಾಸ್ತ್ರ ಕನ್ನಡ ನಾಡಿಗೆ ಬೇಗನೆ ಬಂತು. ಕಲ್ಕತ್ತೆಯ ನಂತರ ದೇಶದ ಎರಡನೆಯ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ, 1924ರಲ್ಲಿ. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದವರೆಂದು ನಾವು ನೆನೆಯುವ ಗೋಪಾಲಸ್ವಾಮಿ ಅವರೇ ಇವರು.

ಅದೇ ಕಾಲಕ್ಕೆ ಉತ್ತರದ ಧಾರವಾಡದಲ್ಲಿ ವಿ. ವಿ. ಕಾಮತ್ ಇನ್ನೊಂದು ಕೆಲಸ ಕೈಗೊಂಡಿದ್ದರು. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ್ದ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅವರು ಒಗ್ಗಿಸಿದರು. ಅವರ ಪ್ರಬಂಧ 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯಲ್ಲಿಯೂ, ಪುಸ್ತಕ 1940ರಲ್ಲಿಯೂ ಬೆಳಕು ಕಂಡವು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಹಾಗೆಯೇ ಕೇಳುವಂತಿಲ್ಲ; ಮಾತು, ವಸ್ತು, ಅನುಭವ ಎಲ್ಲವೂ ಬೇರೆ. ಆ ತಿಳಿವಳಿಕೆಯಿಂದ ಹುಟ್ಟಿದ ಬಿನೆ-ಕಾಮತ್ ಪರೀಕ್ಷೆ ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿ, ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿ ಬಳಕೆಯಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಬಿನೆ ತನ್ನ ಪರೀಕ್ಷೆಯನ್ನು ಮಾಡಿದ್ದು ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸಲಿಕ್ಕೆ. ಬುದ್ಧಿ ಎಂಬುದು ಹುಟ್ಟಿನಲ್ಲೇ ಅಳೆದಿಟ್ಟ ಸೇರು, ಅದು ಹೆಚ್ಚಲಾರದು ಎಂಬ ವಾದವನ್ನು ಅವನು 1909ರಲ್ಲೇ ಬಲವಾಗಿ ವಿರೋಧಿಸಿದ್ದ. ಆದರೆ ಲೋಕದಲ್ಲಿ ನಡೆದದ್ದು ಬೇರೆ. ನೆರವಿಗಾಗಿ ಹುಟ್ಟಿದ ಅಂಕಿ ಅನೇಕ ಕಡೆ ಹಣೆಪಟ್ಟಿಯಾಯಿತು.

‘ದಡ್ಡ’ ಎಂಬ ಎರಡಕ್ಷರ

ಹಣೆಪಟ್ಟಿ ಅಂಟಿಸಲು ನಮಗೆ ಬುದ್ಧಿಪರೀಕ್ಷೆಯೂ ಬೇಕಾಗಿಲ್ಲ. ‘ದಡ್ಡ’ ಎಂಬ ಎರಡಕ್ಷರ ಸಾಕು. ತರಗತಿಯ ಹಿಂದಿನ ಬೆಂಚಿಗೆ ಮಗುವನ್ನು ಕಳಿಸಿದರೆ ಅದೇ ಪ್ರಮಾಣಪತ್ರ. ಇದರ ಪರಿಣಾಮವೇನು?

1968ರಲ್ಲಿ ರೋಸೆಂತಾಲ್ ಮತ್ತು ಜೇಕಬ್‌ಸನ್ ಎಂಬುವರು ಕ್ಯಾಲಿಫೋರ್ನಿಯದ ಶಾಲೆಯೊಂದರಲ್ಲಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳ ಹೆಸರು ಕೊಟ್ಟು, ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ ಎಂದು ಶಿಕ್ಷಕರಿಗೆ ತಿಳಿಸಲಾಗಿತ್ತು. ಕೆಳಗಿನ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದರು ಎಂದು ಅವರ ವರದಿ. ಅದರ ಲೆಕ್ಕಗಳ ಬಗ್ಗೆ ಆಮೇಲೆ ಸಾಕಷ್ಟು ವಾದವಿವಾದವಾಗಿದೆ. ಪರಿಣಾಮ ಮೊದಲು ಅಂದುಕೊಂಡಷ್ಟು ದೊಡ್ಡದಲ್ಲ ಎಂಬುದು ನಂತರದ ಅಧ್ಯಯನಗಳ ತೀರ್ಮಾನ. ಆದರೂ ಶಿಕ್ಷಕರ ನಿರೀಕ್ಷೆ ಮಗುವನ್ನು ಮುಟ್ಟುತ್ತದೆ ಎಂಬುದು ಉಳಿದಿದೆ. ಯಾವ ಮಗುವಿಗೆ ಉತ್ತರ ಯೋಚಿಸಲು ಎರಡು ಕ್ಷಣ ಹೆಚ್ಚು ಕೊಡುತ್ತೇವೆ, ಯಾರನ್ನು ಪ್ರಶ್ನೆಯನ್ನೇ ಕೇಳದೆ ಬಿಟ್ಟುಬಿಡುತ್ತೇವೆ ಎಂಬಂಥ ಸಣ್ಣ ಸಂಗತಿಗಳಲ್ಲಿ ಅದು ಕೆಲಸ ಮಾಡುತ್ತದೆ.

ಬೈಗುಳ ಬೇಡ, ಹೊಗಳೋಣ ಎನ್ನುವಿರಾ? ಅದರಲ್ಲೂ ಸೂಕ್ಷ್ಮವಿದೆ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ ಐದನೆಯ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟು, ಕೆಲವರಿಗೆ ‘ನೀನು ಬಲು ಬುದ್ಧಿವಂತ’ ಎಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟಿದ್ದೀಯ’ ಎಂದರು. ಮುಂದೆ ಕಠಿಣವಾದ ಲೆಕ್ಕಗಳಲ್ಲಿ ಎಲ್ಲರೂ ಸೋತರು. ಅದಾದ ಮೇಲೆ ಮತ್ತೆ ಸುಲಭದ ಲೆಕ್ಕ ಕೊಟ್ಟಾಗ ಬುದ್ಧಿವಂತನೆನಿಸಿಕೊಂಡವರು ಮೊದಲಿಗಿಂತ ಹಿಂದೆ ಬಿದ್ದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂದೆ ಹೋದರು. ಬುದ್ಧಿವಂತ ಎಂಬ ಪಟ್ಟ ಪಡೆದವನಿಗೆ ಸೋಲು ಪಟ್ಟವನ್ನೇ ಕಿತ್ತುಕೊಂಡಂತೆ. ಈ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಶಾಲೆಗಳಲ್ಲಿ ಪರೀಕ್ಷಿಸಿದಾಗ ಸಿಕ್ಕ ಫಲ ಸಾಧಾರಣದ್ದು ಎಂಬುದನ್ನೂ ಹೇಳಬೇಕು. ಮೆಚ್ಚುಗೆ ಮಂತ್ರವಲ್ಲ.

ಇನ್ನು ಬಹುಮಾನ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಶಿಶುವಿಹಾರದ ಮಕ್ಕಳ ಪೈಕಿ ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದವರನ್ನು ಆರಿಸಿಕೊಂಡರು. ಕೆಲವರಿಗೆ ಮಾತ್ರ, ಚಿತ್ರ ಬರೆದರೆ ರಿಬ್ಬನ್ನು ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮುಂಚಿತವಾಗಿ ಹೇಳಿ, ಕೊಟ್ಟರು. ಒಂದೆರಡು ವಾರದ ನಂತರ ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದ ಸಮಯ ಉಳಿದವರದ್ದರ ಅರ್ಧದಷ್ಟಿತ್ತು. ಆಟವಾಗಿದ್ದುದು ಕೂಲಿಯಾಗಿತ್ತು, ಕೂಲಿ ನಿಂತಾಗ ಕೆಲಸವೂ ನಿಂತಿತು. ಅಂಗೈಯ ಮೇಲಿನ ಸರಸ್ವತಿಯೂ, ಇಂದಿನ ಟ್ರೋಫಿಯೂ, ತೊಂಬತ್ತು ಅಂಕ ಬಂದರೆ ಸೈಕಲ್ ಎಂಬ ಮಾತೂ ಈ ದೃಷ್ಟಿಯಿಂದ ನೋಡಬೇಕಾದಂಥವು.

ಹೆಗ್ಗಡದೇವನಕೋಟೆಯ ಪ್ರಯೋಗ

ಬೆತ್ತವೂ ಅಲ್ಲ, ಬಹುಮಾನವೂ ಅಲ್ಲ ಎಂದಾದರೆ ಉಳಿದದ್ದೇನು? ಅದಕ್ಕೊಂದು ಉತ್ತರ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರೂಪುಗೊಂಡಿತು. ಕಾಡಂಚಿನ ಹಿಂದುಳಿದ ತಾಲ್ಲೂಕು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಶಾಲೆಗಳು. ಅಲ್ಲಿನ ಸರ್ಕಾರಿ ಶಿಕ್ಷಕರ ತಂಡವೊಂದು ಆಂಧ್ರದ ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮದೇ ಪಾಠಕ್ರಮವನ್ನು ಕಟ್ಟಿತು. ಅದಕ್ಕೆ ಇಟ್ಟ ಹೆಸರು ‘ನಲಿ-ಕಲಿ’. 2009–10ರಲ್ಲಿ ಸರ್ಕಾರ ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಿತು. ಮಾಗಡಿ ಸೀಮೆಯ ಹಳ್ಳಿಶಾಲೆಗಳಿಗೂ ಅದು ಬಂದದ್ದು ಹೀಗೆ.

ನಲಿ-ಕಲಿ ತರಗತಿಯಲ್ಲಿ ಪಾಠಪುಸ್ತಕದ ಬದಲು ಗೋಡೆಯ ಮೇಲೆ ಒಂದು ‘ಕಲಿಕಾ ಏಣಿ’ ಇರುತ್ತದೆ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದು ಮೆಟ್ಟಿಲಿಗೆ ಒಂದೊಂದು ಚಿತ್ರದ ಕಾರ್ಡು ಇಟ್ಟಿರುತ್ತಾರೆ. ಮಗು ತಾನು ನಿಂತಿರುವ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ಜ್ವರ ಬಂದು ಹತ್ತು ದಿನ ಶಾಲೆ ತಪ್ಪಿದರೂ ಬಿಟ್ಟ ಮೆಟ್ಟಿಲು ಅಲ್ಲಿಯೇ ಕಾದಿರುತ್ತದೆ. ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಸಹಪಾಠಿಗಳ ಸಹಾಯ, ಕೊನೆಯದರಲ್ಲಿ ಸ್ವಂತ ಕಲಿಕೆ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವ ಕೂಲಿಮಠದ ಪದ್ಧತಿ ಬೆತ್ತವನ್ನು ಹೊರಗಿಟ್ಟು ಮರಳಿ ಬಂದಂತಾಯಿತು.

ಅಕ್ಷರ ಕಲಿಸುವ ಕ್ರಮವನ್ನೇ ನೋಡಿ. ಅ, ಆ, ಇ, ಈ ಎಂದು ವರ್ಣಮಾಲೆ ಮುಗಿಸಿ ಪದಕ್ಕೆ ಬರುವುದು ಹಳೆಯ ದಾರಿ. ನಲಿ-ಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದೇ ಅಕ್ಷರ ಗುರುತಿಸಿದರೆ ಮಗು ಸರ, ರಸ, ಅರಸ, ಅಗಸ, ಗದಗ ಎಂದು ಓದಬಲ್ಲದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ. ತನಗೆ ಓದು ಬರುತ್ತದೆ ಎಂಬುದನ್ನು ಮಗು ಮೊದಲ ದಿನಗಳಲ್ಲೇ ತಾನಾಗಿ ಕಂಡುಕೊಳ್ಳುತ್ತದೆ.

ಇದೇ ಈ ಇಡೀ ಚರ್ಚೆಯ ತಿರುಳು. ತನ್ನಿಂದ ಇದು ಸಾಧ್ಯ ಎಂಬ ನಂಬಿಕೆ ಮನುಷ್ಯನ ಪ್ರಯತ್ನವನ್ನು ನಿರ್ಧರಿಸುತ್ತದೆ ಎಂದು ಆಲ್ಬರ್ಟ್ ಬಂಡೂರ 1977ರಲ್ಲಿ ವಾದಿಸಿದ. ಆ ನಂಬಿಕೆಯ ಅತ್ಯಂತ ಬಲವಾದ ಮೂಲ ಅನ್ಯರ ಉಪದೇಶವಲ್ಲ, ಹಿಂದೆ ಮಾಡಿ ಗೆದ್ದ ಸ್ವಂತ ಅನುಭವ. ಆಸಕ್ತಿ ಹುಟ್ಟಿದರೆ ಕಲಿಯುತ್ತಾನೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಕಲಿತರೆ ಆಸಕ್ತಿ ಹುಟ್ಟುತ್ತದೆ ಎಂಬುದು ಅಷ್ಟೇ ನಿಜ.

ಏಣಿಯ ಮೆಟ್ಟಿಲು ಮುರಿದಾಗ

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕಾನೂನಿನ ಪುಸ್ತಕದಲ್ಲಿ ಇಲ್ಲವಾಯಿತು. ಆದರೆ ಕಲಿಕೆ ತಾನಾಗಿ ಬರಲಿಲ್ಲ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರ ‘ಅಸರ್’ ಸಮೀಕ್ಷೆಯಲ್ಲಿ ಕರ್ನಾಟಕದ ಗ್ರಾಮೀಣ ಭಾಗದ ಐದನೆಯ ತರಗತಿಯ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡನೆಯ ತರಗತಿಯ ಪಾಠ ಓದಲು ಬರಲಿಲ್ಲ. ಆ ವರ್ಷವನ್ನು ಸರ್ಕಾರ ಕಲಿಕಾ ಚೇತರಿಕೆಯ ವರ್ಷವೆಂದೇ ಸಾರಬೇಕಾಯಿತು.

ನಲಿ-ಕಲಿಯ ಬಗ್ಗೆಯೂ ದೂರುಗಳಿವೆ. ಕಾರ್ಡುಗಳು ಹರಿದಾಗ ಹೊಸವು ಬೇಕು. ಶಿಕ್ಷಕರು ಪ್ರತಿ ಮಗುವಿನ ಮೆಟ್ಟಿಲನ್ನು ದಿನವೂ ಗಮನಿಸಬೇಕು. ಬೇರೆ ಸರ್ಕಾರಿ ಕೆಲಸಗಳ ನಡುವೆ ಅದಕ್ಕೆ ಪುರುಸೊತ್ತು ಬೇಕು. ಏಣಿಯಿರುವುದು ಮೂರನೆಯ ತರಗತಿಯವರೆಗೆ ಮಾತ್ರ. ನಾಲ್ಕಕ್ಕೆ ಬಂದ ಮಗು ಎಲ್ಲರಿಗೂ ಒಂದೇ ವೇಗದ ಪಾಠಕ್ಕೆ ಹೊಂದಿಕೊಳ್ಳಬೇಕು. ಮೂರು ಮೆಟ್ಟಿಲು ಹಿಂದಿರುವವನಿಗೆ ಅಲ್ಲಿ ದಿನವೂ ಸೋಲು. ಬೆತ್ತವಿಲ್ಲದಿದ್ದರೂ, ದಿನಕ್ಕೆ ಆರು ಗಂಟೆ ಅರ್ಥವಾಗದ ಪಾಠದ ಮುಂದೆ ಕೂರುವುದು ಒಂದು ಬಗೆಯ ದಂಡನೆಯೇ. ಅಂಥ ಮಗುವನ್ನು ನಾವು ‘ಓದಿನಲ್ಲಿ ಆಸಕ್ತಿಯಿಲ್ಲ’ ಎನ್ನುತ್ತೇವೆ. ಅದಕ್ಕೆ ಬೇಕಾದದ್ದು ಉಪದೇಶವಲ್ಲ, ಅದರ ಕಾಲು ಎಟುಕುವ ಮೆಟ್ಟಿಲು.

ಇನ್ನೂರು ವರ್ಷಗಳ ಹಿಂದೆ ಮೊದಲು ಬಂದ ಒಬ್ಬ ಹುಡುಗನ ಅಂಗೈಯ ಮೇಲೆ ಮಾತ್ರ ಸರಸ್ವತಿಯ ಹೆಸರು ಬೀಳುತ್ತಿತ್ತು. ಕೊನೆಗೆ ಬಂದ ಹನ್ನೆರಡನೆಯವನಿಗೂ ಆ ಅಕ್ಷರಗಳನ್ನು ತಾನೇ ಬರೆಯಲು ಬರುವಂತೆ ಮಾಡುವುದು ಶಾಲೆಯ ಕೆಲಸ. ಸಂಜೆ ಶಾಲೆಯಿಂದ ಬಂದ ಮಗು ‘ಬರಾಕಿಲ್ಲ’ ಎಂದರೆ ಗದರಬೇಡಿ. ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ, ಅಲ್ಲಿಂದ ಶುರುಮಾಡಿ.